ಚಿತ್ರದ ಬೆನ್ನಿಗೆ ಬರೆದ ಊರು

ಚಿತ್ರ ಬೇಕಿದ್ದರೆ ಮೊದಲು ಅದರ ಕಥೆ ಕೇಳಬೇಕು. ಗದಗ ಸೀಮೆಯ ಈ ಕಲಾವಿದರದ್ದು ಇದೊಂದೇ ಷರತ್ತು. ರೇಟು ಆಮೇಲೆ, ಚೌಕಾಸಿ ಆಮೇಲೆ. ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಅಂಚಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಅವರು ಒಂದು ಹಾಳೆಯನ್ನು ಎದೆಮಟ್ಟಕ್ಕೆ ಹಿಡಿದಿದ್ದರು. ಚಿತ್ರ ಗಿರಾಕಿಯ ಕಡೆಗೆ, ಬೆನ್ನು ತಮ್ಮ ಕಡೆಗೆ. ಆ ಬೆನ್ನಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಎದುರಿಗಿದ್ದ ಹುಡುಗನಿಗೆ ಅವಸರ. ರೊಟ್ಟಿ ಬಡಿಯುವ ಎರಡು ಕೈಗಳ ಚಿತ್ರ ಅವನಿಗೆ ಹಿಡಿಸಿತ್ತು, ದುಡ್ಡು ಕಳಿಸಲು ಫೋನ್ ತೆಗೆದು ನಿಂತಿದ್ದ.

'ಮೊದ್ಲ ಕೇಳಪಾ ತಮ್ಮಾ, ಆಮ್ಯಾಲೆ ರೊಕ್ಕದ ಮಾತು' ಎಂದು ಅವರು ಮತ್ತೆ ಓದತೊಡಗಿದರು. ಅವರ ತಾಯಿ ತಮ್ಮ ಮುಖದ ಚಿತ್ರ ಬರೆಯಲು ಯಾವತ್ತೂ ಬಿಡಲಿಲ್ಲವಂತೆ. 'ನನ್ನ ಮಾರಿ ಏನ್ ನೋಡ್ತಿ, ಅದು ಮುಪ್ಪಾಗೇತಿ. ಕೈ ಇನ್ನೂ ದುಡೀತಾವು, ಕೈ ಬರಿ' ಅನ್ನುತ್ತಿದ್ದರಂತೆ. ಹಾಗಾಗಿ ಅವರು ಇರುವಷ್ಟು ಕಾಲ ಮಗ ಬರೆದದ್ದು ಕೈಗಳನ್ನೇ. ಶಾವಿಗೆ ಹೊಸೆಯುವ ಕೈ, ಶೇಂಗಾ ಸುಲಿಯುವ ಕೈ, ಕೌದಿ ಹೊಲಿಯುವ ಕೈ. ಹಾಗೆ ಬರೆಯುತ್ತಿರುವಾಗ ಒಂದು ದಿನ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿರುವುದು ಕಣ್ಣಿಗೆ ಬಿತ್ತು. ಯಾವುದೋ ಕಾಲದಲ್ಲಿ ಒನಕೆ ಬಿದ್ದು ಸೀಳಿದ್ದು. ಅದೇ ಮನೆಯಲ್ಲಿ ಉಂಡು ಬೆಳೆದ ಮಕ್ಕಳಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಹುಡುಗ ಬಗ್ಗಿ ಚಿತ್ರದಲ್ಲಿ ಆ ಉಗುರನ್ನು ಹುಡುಕಿದ. ಇತ್ತು. ಕೂದಲೆಳೆಯಷ್ಟು ಸಣ್ಣ ಗೆರೆ. ಆಚೆ ಕಬ್ಬಿನಹಾಲು ಕುಡಿಯುತ್ತಿದ್ದ ಗೆಳೆಯನನ್ನು ಕರೆದು, 'ಇನ್ನೊಂದ್ಸಲ ಓದಿ ಅಂಕಲ್' ಎಂದ.

ಆ ದಿನ ಸಂತೆಯ ಉಳಿದ ಭಾಗವನ್ನು ನಾನು ನೋಡಲೇ ಇಲ್ಲ. ಅವರ ಪಕ್ಕದ ಮರದ ಬುಡದಲ್ಲಿ ನಿಂತು ಬಂದವರೆಲ್ಲರ ಜೊತೆ ಕಥೆ ಕೇಳಿದೆ. ಸಂತೆ ಮುಗಿಯುವ ಹೊತ್ತಿಗೆ ಊರಿಗೆ ಬರುತ್ತೇನೆಂದು ಹೇಳಿ ವಿಳಾಸ ಬರೆದುಕೊಂಡೆ. 'ಹೆಸರು ಮಾತ್ರ ಹಾಕಬ್ಯಾಡ್ರಿ ಅಕ್ಕಾರ. ನನ್ನ ಹೆಸರು ಹಾಕಿದ್ರ ಊರು ಗೊತ್ತಾಗ್ತದ, ಊರು ಗೊತ್ತಾದ್ರ ಕಥಿ ಯಾರದಂತ ಗೊತ್ತಾಗ್ತದ' ಎಂದರು. ನ್ಯಾಯವಾದ ಮಾತು. ಊರಿನ ಮಕ್ಕಳು ಅವರನ್ನು ಪೇಂಟರ್ ಕಾಕಾ ಅನ್ನುತ್ತಾರೆ. ಈ ಲೇಖನಕ್ಕೆ ಅಷ್ಟೇ ಸಾಕು.

ಚಿತ್ರಸಂತೆಯ ಬಗ್ಗೆ ಹೊಸದಾಗಿ ಹೇಳುವಂಥದ್ದು ಹೆಚ್ಚಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಈ ಸಂತೆ 2024ರಲ್ಲಿ 21ನೆಯದಾಗಿತ್ತು. ಸಾವಿರಕ್ಕೂ ಹೆಚ್ಚು ಕಲಾವಿದರು, ನೂರು ರೂಪಾಯಿಯ ಚಿತ್ರದಿಂದ ಲಕ್ಷದ ಚಿತ್ರದವರೆಗೆ ಒಂದೇ ರಸ್ತೆಯಲ್ಲಿ. ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವ ಸಂಸಾರಗಳು ಇಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬರುತ್ತವೆ. ಇದಕ್ಕಾಗಿಯೇ ಈ ಸಂತೆಯ ಮೇಲೆ ನನಗೆ ವಿಶೇಷ ಪ್ರೀತಿ. ಕೊರೊನಾದಿಂದಾಗಿ 2021ರಲ್ಲಿ ಅದು ಆನ್‌ಲೈನ್‌ಗೆ ಹೋಯಿತು. ಆ ವರ್ಷ ಪಾಲ್ಗೊಳ್ಳುವುದು ಬೇಡವೆನಿಸಿತು ಎಂದರು ಕಾಕಾ. ಕಾರಣ ಕೇಳಿದರೆ, 'ಫೋನಿನ್ಯಾಗ ಬೆನ್ನು ತೋರ್ಸೂದು ಹೆಂಗ್ರಿ?'

ಹೇಳಿದಂತೆ ಊರಿಗೆ ಹೋದೆ. ಅವರ ಮನೆಯ ಮುಂದಿನ ಕೋಣೆಯೇ ಒಂದು ಕಾಲದ ಬೋರ್ಡ್ ಬರೆಯುವ ಅಂಗಡಿ. ಬಾಗಿಲ ಮೇಲೆ ಈಗ ಬೋರ್ಡಿಲ್ಲ. ಗೂಡಿನಲ್ಲಿ ಒಣಗಿ ಕಲ್ಲಾದ ಎನಾಮಲ್ ಡಬ್ಬಿಗಳು, ಸೀಮೆಎಣ್ಣೆಯ ವಾಸನೆ ಬಿಡದ ಬ್ರಷ್‌ಗಳು, ಗೋಡೆಗೆ ಒರಗಿಸಿದ ಉದ್ದನೆಯ ಕೈಗೋಲು. ಎತ್ತರದ ಬೋರ್ಡಿನ ಮೇಲೆ ಅಕ್ಷರ ಬರೆಯುವಾಗ ಮಣಿಕಟ್ಟಿಗೆ ಆಸರೆ ಕೊಡುವ ಕೋಲು ಅದು. ಇನ್ನೊಂದು ಗೋಡೆಗೆ ಕಿರ್ದಿ ಪುಸ್ತಕಗಳ ರಾಶಿ. ಕೆಂಪು ಬಟ್ಟೆಯ ರಟ್ಟಿನ, ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಉದ್ದುದ್ದ ಪುಸ್ತಕಗಳು. ಅಂಗಡಿಗಳಿಗೆ ಕಂಪ್ಯೂಟರ್ ಬಂದಮೇಲೆ ಬರೆಯದೆ ಉಳಿದ ಕಿರ್ದಿಗಳನ್ನು ವರ್ತಕರು ಇವರಿಗೆ ಕೊಟ್ಟರು. ಇವರ ಚಿತ್ರಗಳೆಲ್ಲ ಅದೇ ಹಾಳೆಯ ಮೇಲೆ. ರೂಪಾಯಿ, ಪೈಸೆಗೆಂದು ಎಳೆದ ಕೆಂಪು ಗೆರೆಗಳನ್ನು ಅವರು ಮುಚ್ಚುವುದಿಲ್ಲ. ಒಂದು ಚಿತ್ರದಲ್ಲಿ ಆ ಗೆರೆ ಬಾವಿಯ ಹಗ್ಗವಾಗಿದೆ. ಇನ್ನೊಂದರಲ್ಲಿ ಬಸ್‌ಸ್ಟ್ಯಾಂಡಿನ ಕಂಬ. ಮಳೆಯ ಚಿತ್ರವೊಂದರಲ್ಲಿ ಇಡೀ ಹಾಳೆಯ ಗೆರೆಗಳನ್ನು ಹಾಗೆಯೇ ಬಿಟ್ಟು ಕೆಳಗೆ ಕೊಡೆ ಹಿಡಿದ ಒಬ್ಬನನ್ನು ನಿಲ್ಲಿಸಿದ್ದಾರೆ, ಅಷ್ಟೇ.

ಅವರ ಹೆಂಡತಿ ಕಾಕು ಗಿರ್ಮಿಟ್ ಮಾಡಿ ತಂದುಕೊಟ್ಟು ಬಾಗಿಲ ಬಳಿಯೇ ಕೂತರು. ಪ್ರತಿ ಕಥೆಯ ಮೊದಲ ಶ್ರೋತೃ ಅವರೇ. ಅವರಿಗೆ ಸರಿ ಅನ್ನಿಸದ ಸಾಲನ್ನು ಕಾಕಾ ರಬ್ಬರಿನಿಂದ ಅಳಿಸುತ್ತಾರೆ. ಬೆನ್ನಿಗೆ ಪೆನ್ಸಿಲ್ ಬಳಸುವುದಕ್ಕೆ ಇದೊಂದು ಕಾರಣ. ಇನ್ನೊಂದು, ಬಾಲ್‌ಪೆನ್ನಿನ ಶಾಯಿ ಕಾಲಕ್ರಮೇಣ ಮುಂಬದಿಯ ಚಿತ್ರಕ್ಕೆ ಇಳಿದುಬಿಡುತ್ತದೆ.

ಕಾಕಾ ಹುಡುಗನಾಗಿದ್ದಾಗ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಅವರ ಕೈಗುಣ ಕಂಡು ಗ್ರೇಡ್ ಪರೀಕ್ಷೆಗೆ ಕೂರಿಸಬೇಕೆಂದಿದ್ದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಧಾರವಾಡದಲ್ಲಿ ಹಾಲಭಾವಿಯವರ ಶಾಲೆ, ಹುಬ್ಬಳ್ಳಿಯಲ್ಲಿ ಮಿಣಜಿಗಿಯವರದ್ದು. ಮುಂಬೈಯ ಜೆ.ಜೆ. ಸ್ಕೂಲಿನ ಗಾಳಿ ಬೀಸುತ್ತಿದ್ದ ಈ ಸೀಮೆಯಲ್ಲಿ ಕಲಿಯಲು ಜಾಗಗಳಿಗೆ ಕೊರತೆಯಿರಲಿಲ್ಲ. ಮನೆಯಲ್ಲಿ ಫೀಸಿಗೆ ದುಡ್ಡಿರಲಿಲ್ಲ. ಹುಡುಗ ಬೋರ್ಡ್ ಬರೆಯುವವರೊಬ್ಬರ ಕೈಕೆಳಗೆ ಸೇರಿದ. ಮೊದಲು ಬ್ರಷ್ ತೊಳೆಯುವ ಕೆಲಸ. ಆಮೇಲೆ ತಗಡಿಗೆ ಪ್ರೈಮರ್ ಬಳಿಯುವುದು. ಆಮೇಲೆ ಸುಣ್ಣದ ಪುಡಿ ಸವರಿದ ದಾರ ಹಿಡಿದು ಚಿಮ್ಮಿ ಗೆರೆ ಮೂಡಿಸುವುದು. ಗುರು ಬರೆದ ಔಟ್‌ಲೈನ್ ಒಳಗೆ ಬಣ್ಣ ತುಂಬಲು ಬಿಟ್ಟದ್ದು ಎಷ್ಟೋ ಕಾಲದ ಮೇಲೆ. ತನ್ನದೇ ಅಕ್ಷರ ಬರೆಯಲು ಬಿಟ್ಟ ದಿನದ ಚಿತ್ರವೂ ಕಿರ್ದಿಯಲ್ಲಿದೆ. ಅದರಲ್ಲಿರುವುದು ಗುರುವಿನ ಚಪ್ಪಲಿಗಳು ಮಾತ್ರ. ಹುಡುಗ ಏಣಿಯ ಮೇಲಿದ್ದಾಗ ಹಿಂದಿರುಗಿ ನೋಡುವ ಧೈರ್ಯವಾಗದೆ, ಕೆಳಗೆ ಗುರು ಇನ್ನೂ ನಿಂತಿದ್ದಾರೋ ಇಲ್ಲವೋ ಎಂದು ತಗ್ಗಿ ಕಂಡದ್ದು ಅಷ್ಟೇ.

ಇವರಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ ಕೈಚಳಕವೆಂದರೆ ತಿರುಗುಮುರುಗು ಅಕ್ಷರ. ಅಂಗಡಿಯ ಗಾಜಿನ ಬಾಗಿಲು, ಬಸ್ಸಿನ ಮುಂಗನ್ನಡಿ, ಇವಕ್ಕೆ ಹೆಸರು ಬರೆಯುವುದು ಒಳಗಿನಿಂದ. ಹೊರಗಿನ ಬಿಸಿಲು ಮಳೆ ತಾಗಬಾರದು. ಹಾಗಾಗಿ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆಯಬೇಕು, ಮತ್ತು ಕ್ರಮವೂ ತಿರುಗಬೇಕು. ತಗಡಿನ ಮೇಲೆ ಮೊದಲು ಹಿನ್ನೆಲೆ, ಆಮೇಲೆ ಅಕ್ಷರ, ಕೊನೆಗೆ ಹೈಲೈಟು. ಗಾಜಿನ ಮೇಲೆ ಮೊದಲು ಹೈಲೈಟು, ಆಮೇಲೆ ಅಕ್ಷರ, ಅದರ ಹಿಂದೆ ಶೇಡು, ಕೊನೆಗೆ ಹಿನ್ನೆಲೆ. ಮೈಸೂರು, ತಂಜಾವೂರು ಕಡೆಯ ಹಳೆಯ ಮನೆಗಳ ಗಾಜಿನ ಚಿತ್ರಗಳೂ ಹೀಗೇ ಆದವು. ಕೃಷ್ಣನ ಕಣ್ಣಿನ ಕಪ್ಪು, ಕೊರಳ ಮುತ್ತು ಮೊದಲು, ಮೈಬಣ್ಣ ಆಮೇಲೆ, ಗೋಡೆ ಪರದೆ ಎಲ್ಲಕ್ಕಿಂತ ಕೊನೆಗೆ. ಮೊದಲು ಬರೆದದ್ದನ್ನು ಆಮೇಲೆ ತಿದ್ದುವಂತಿಲ್ಲ, ಅದು ಬಣ್ಣದ ಕೆಳಗೆ ಹೂತುಹೋಗಿರುತ್ತದೆ. ಕಾಕಾ ನನ್ನ ಮುಂದೆಯೇ ಒಂದು ಗಾಜಿನ ತುಂಡಿನ ಮೇಲೆ 'ಶ್ರೀ' ಬರೆದು ತಿರುಗಿಸಿ ತೋರಿಸಿದರು. ಒತ್ತು ಎಲ್ಲಿ ಬರಬೇಕೋ ಅಲ್ಲೇ ಬಂದಿತ್ತು. ಒಮ್ಮೆಯೂ ಕೈ ತಡವರಿಸಲಿಲ್ಲ.

ಈ ವಿದ್ಯೆಯಿಂದ ಹುಟ್ಟಿದ ಚಿತ್ರವೊಂದಿದೆ. ಕಟಿಂಗ್ ಶಾಪಿನ ಒಳಗೆ ಖಾಲಿ ಕುರ್ಚಿ, ಎದುರಿನ ಕನ್ನಡಿಯಲ್ಲಿ ಬೀದಿ, ಬೀದಿಯಾಚೆಯ ಗೋಡೆಯ ಮೇಲೆ ಇವರೇ ಬರೆದ ಬೋರ್ಡು, ತಿರುಗುಮುರುಗಾಗಿ. ಬೆನ್ನಿನ ಕಥೆ ಹೀಗೆ: ಅಂಗಡಿ ತೆರೆದಾಗ ಕ್ಷೌರಿಕನ ಬಳಿ ಬೋರ್ಡಿಗೆ ಕೊಡಲು ದುಡ್ಡಿರಲಿಲ್ಲ. 'ಜೀವ ಇರೂತನಾ ನಿನ್ನ ಕೂದ್ಲಾ ನಂದು' ಎಂದು ಮಾತು ಕೊಟ್ಟ. ಉಳಿಸಿಕೊಂಡ ಕೂಡ. ಅವನು ತೀರಿಕೊಂಡ ಮೇಲೆ ಕಾಕಾ ಹೋಗಿ ದುಡ್ಡು ಮುಂದಿಟ್ಟರೆ ಮಗ ಮುಟ್ಟಲಿಲ್ಲ. ಅಪ್ಪನ ಮಾತು ಅಪ್ಪನ ಜೀವಕ್ಕೆ ಮಾತ್ರ ಅಂತ ಎಲ್ಲಿದೆ, ನಿಮ್ಮ ಜೀವಕ್ಕೆ ಅಂತಲೂ ಆಗಬಹುದಲ್ಲ ಎಂದನಂತೆ.

ಫ್ಲೆಕ್ಸ್ ಬಂದ ಕಥೆ ಎಲ್ಲ ಊರಿನದ್ದೂ ಒಂದೇ. ವಾರದ ಕೆಲಸ ಒಂದು ಗಂಟೆಯಲ್ಲಿ ಪ್ರಿಂಟಾಗಿ ಬಂತು, ರೇಟು ಕಾಲುಭಾಗಕ್ಕೆ ಇಳಿಯಿತು, ಏಣಿ ಹತ್ತುತ್ತಿದ್ದವರು ಬೇರೆ ಕೆಲಸ ನೋಡಿಕೊಂಡರು. ಬೆಂಗಳೂರಿನಲ್ಲಿ ಹೈಕೋರ್ಟ್ ಗದರಿದ ಮೇಲೆ 2018ರ ಆಗಸ್ಟಿನಲ್ಲಿ ಪಾಲಿಕೆಯವರು ತರಾತುರಿಯಲ್ಲಿ ಫ್ಲೆಕ್ಸ್ ಕಿತ್ತರು. ಅಷ್ಟರಲ್ಲಿ ಕೈಬರಹದ ಪೇಂಟರುಗಳ ಒಂದು ತಲೆಮಾರು ಹೋಗಿಯಾಗಿತ್ತು. ಇದೆಲ್ಲ ಪತ್ರಿಕೆಗಳಲ್ಲಿ ಬಂದದ್ದೇ. ಬರದೇ ಇದ್ದದ್ದು ಕಾಕಾ ಬಳಿ ಇದೆ. ಗೊಬ್ಬರದ ಅಂಗಡಿಯವರೊಬ್ಬರು, ಹಿಂದೆ ಇವರ ಕೈಯಲ್ಲೇ ಗೋಡೆ ಬರೆಸಿದವರು, ಫ್ಲೆಕ್ಸ್ ಕಟ್ಟಿಸಲು ಇವರನ್ನೇ ಕರೆದರು. ಏಣಿ ಇದ್ದದ್ದು ಇವರ ಬಳಿಯಲ್ಲವೇ? ತಾವು ಬರೆದ ಅಕ್ಷರಗಳ ಮೇಲೆ ತಾವೇ ಫ್ಲೆಕ್ಸ್ ಹೊದಿಸಿ ನಾಲ್ಕು ಮೂಲೆಗೆ ಮೊಳೆ ಹೊಡೆದು, ಕೂಲಿ ಇಸಿದುಕೊಂಡು ಬಂದರು. ವರ್ಷಗಳ ಮೇಲೆ ಮುಂಗಾರಿನ ಗಾಳಿಗೆ ಫ್ಲೆಕ್ಸ್ ಹರಿಯಿತು. ಒಳಗಿನ ಅಕ್ಷರ ಬಿಸಿಲು ಕಾಣದೆ ಮೊನ್ನೆ ಬರೆದಷ್ಟು ಗಾಢವಾಗಿತ್ತು. ಇವರ ಅತ್ಯುತ್ತಮ ಚಿತ್ರ ಅದು. ಹರಿದು ಜೋತುಬಿದ್ದ ಫ್ಲೆಕ್ಸ್‌ನ ಮಡಿಕೆ, ಅದರ ಸಂದಿಯಲ್ಲಿ ಹಸಿರು ಶೇಡಿನ ಕೆಂಪು 'ಬ'. ಕೊಳ್ಳುತ್ತೇನೆಂದು ಕೇಳಿದೆ, ಇನ್ನೂ ಮಾರುವ ಮನಸ್ಸಿಲ್ಲವೆಂದರು.

ಊರಿಂದ ಬಂದಮೇಲೆ ನನ್ನ ತಲೆಯನ್ನು ಹೊಕ್ಕದ್ದು ಒಂದೇ ಸಂಗತಿ: ಚಿತ್ರಗಳ ಬೆನ್ನು. ನೋಡುವವರಿಗೆ ಕಾಣದ ಕಡೆ ಕಥೆ ಬರೆಯುವುದು ಇವರಿಗೆ ಎಲ್ಲಿಂದ ಹೊಳೆಯಿತು? ತಾನಾಗಿಯೇ ಹೊಳೆದದ್ದು ಎನ್ನುತ್ತಾರೆ, ನಂಬುತ್ತೇನೆ. ಆದರೆ ಇದಕ್ಕೊಂದು ರಾಜಮನೆತನದ ಪೂರ್ವರೂಪವಿದೆ. ಅಕ್ಬರ್ 1562ರ ಸುಮಾರಿಗೆ ಕೈಗೆತ್ತಿಕೊಂಡ ಸಚಿತ್ರ ಕಥಾಗ್ರಂಥ ಹಮ್ಜಾನಾಮಾ. ಹದಿನೈದು ವರ್ಷಗಳಷ್ಟು ನಡೆದ ಕೆಲಸ. ಇರಾನಿನಿಂದ ಬಂದ ಮೀರ್ ಸಯ್ಯದ್ ಅಲಿ, ಆಮೇಲೆ ಅಬ್ದುಸ್ಸಮದ್ ಮುಂದೆ ನಿಂತು, ಸ್ಥಳೀಯ ಕಲಾವಿದರನ್ನು ಕೂಡಿಸಿಕೊಂಡು ಸುಮಾರು 1400 ಚಿತ್ರ ಮಾಡಿಸಿದರು. ಅಂಗೈಯಗಲದ ಸೂಕ್ಷ್ಮಚಿತ್ರಗಳಲ್ಲ ಇವು. ಎರಡು ಅಡಿಗೂ ಮೀರಿದ ಎತ್ತರ, ಹತ್ತಿಬಟ್ಟೆಯ ಮೇಲೆ. ಹಿಂಬದಿಗೆ ಅಂಟಿಸಿದ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಪಾರ್ಸಿ ಕಥೆ. ಆಸ್ಥಾನದಲ್ಲಿ ಚಿತ್ರವನ್ನು ಸಭೆಗೆ ಎತ್ತಿಹಿಡಿದು, ಬೆನ್ನನ್ನು ನೋಡಿಕೊಂಡು ಒಬ್ಬ ಓದುತ್ತಿದ್ದ ಎಂಬುದು ಒಂದು ಊಹೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಒಂದು ಹಾಳೆಯ ಹಿಂದಿರುವ ಕಥೆ ಅದೇ ಹಾಳೆಯ ಚಿತ್ರದ್ದಲ್ಲ, ಮುಂದಿನ ಹಾಳೆಯ ಚಿತ್ರದ್ದು, ಹಾಗಾಗಿ ಪುಸ್ತಕದಂತೆ ತೆರೆದಿಟ್ಟೇ ಓದಿರಬೇಕು ಎಂಬ ವಾದವೂ ಬಲವಾಗಿದೆ. ವಾದ ಗಟ್ಟಿಯೇ ಇರಲಿ, ನನಗೆ ಮೊದಲ ಊಹೆಯೇ ಪ್ರಿಯ. ಕುಮಾರಕೃಪಾ ರಸ್ತೆಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಹಾಳೆ ಎದೆಮಟ್ಟಕ್ಕೆ ಎತ್ತಿದರೆ ಹತ್ತು ಜನ ತಾವಾಗಿ ಅರ್ಧಚಂದ್ರಾಕಾರವಾಗಿ ನಿಲ್ಲುತ್ತಾರೆ.

ಹಮ್ಜಾನಾಮಾದಲ್ಲಿ ಈಗ ಉಳಿದಿರುವುದು 200ಕ್ಕೂ ಕಡಿಮೆ ಚಿತ್ರಗಳು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನವರಿಗೆ ಕೆಲವು ಸಿಕ್ಕಿದ್ದು 1881ರಲ್ಲಿ, ಕಾಶ್ಮೀರದಲ್ಲಿ. ಅಲ್ಲಿ ಕೆಲವನ್ನು ಚಳಿಗಾಳಿ ತಡೆಯಲು ಕಿಟಕಿಗೆ ಅಡ್ಡ ಹಾಕಿದ್ದರು. ಇದನ್ನು ಫೋನಿನಲ್ಲಿ ಹೇಳಿದಾಗ ಕಾಕಾ ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಪ್ರಶ್ನೆ: 'ಒಳಗ ಕುಂತವ್ರಿಗೆ ಚಿತ್ರ ಕಾಣ್ತಿತ್ತೋ, ಅಕ್ಷರ ಕಾಣ್ತಿತ್ತೋ?' ನನ್ನ ಬಳಿ ಉತ್ತರವಿರಲಿಲ್ಲ.

ಅರಮನೆಯಾಚೆಗೂ ಚಿತ್ರ ಮತ್ತು ಬಾಯಿ ಒಟ್ಟಿಗೇ ನಡೆದಿವೆ. ಬಂಗಾಳದ ಪಟುವಾಗಳು ಸುರುಳಿ ಬಿಚ್ಚುತ್ತಾ ಒಂದೊಂದೇ ಚೌಕಕ್ಕೆ ಬೆರಳಿಟ್ಟು ಹಾಡುತ್ತಾರೆ. ರಾಜಸ್ಥಾನದ ಭೋಪಾಗಳು ರಾತ್ರಿಯಿಡೀ ದೀಪ ಹಿಡಿದು ಪಾಬೂಜಿಯ ಪಟದಲ್ಲಿ ಆ ಹೊತ್ತಿನ ಕಥೆಯ ಭಾಗವನ್ನಷ್ಟೇ ಬೆಳಗುತ್ತಾರೆ. ನಮ್ಮ ತೊಗಲುಗೊಂಬೆಯ ಕಿಳ್ಳೇಕ್ಯಾತರಲ್ಲಿ ಗೊಂಬೆ ಮಾತಿಲ್ಲದೆ ಪರದೆಗೆ ಬರುವುದೇ ಇಲ್ಲ. ಬಾಯಿಯಿಂದ ಬರಹಕ್ಕೆ ಬಂದರೆ, ವ್ಯಾನ್ ಗೋ ತಮ್ಮ ಥಿಯೋಗೆ ಬರೆದ 600ಕ್ಕೂ ಹೆಚ್ಚು ಪತ್ರ ಉಳಿದಿವೆ. ಅವುಗಳ ನಡುನಡುವೆ ಪುಟ್ಟ ರೇಖಾಚಿತ್ರಗಳು, ಯಾವ ಬಣ್ಣ ಎಲ್ಲಿ ಎಂಬ ವಿವರಣೆ. ನಮ್ಮ ಕೆ. ವೆಂಕಟಪ್ಪ ದಿನಚರಿ ಬರೆದಿಟ್ಟರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ರೇಖೆಗೆ ಲಯ ಬೇಕೆಂದು ಕಥಕ್ ಕಲಿತರು. ಅವರ ರೇಖೆಗಳನ್ನು ನೋಡುವಾಗ ಈ ಸಂಗತಿ ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ಅಜಗಜಾಂತರ. ಗೊತ್ತಾದ ಮೇಲೆ ನರ್ತಕಿಯ ಪಾದ ಬಂದಾಗ ಗೆರೆ ಯಾಕೆ ದಪ್ಪವಾಗುತ್ತದೆ ಎಂದು ಕಣ್ಣು ಕೇಳತೊಡಗುತ್ತದೆ.

ಇಷ್ಟಾದರೂ 'ಚಿತ್ರ ತಾನೇ ಮಾತಾಡಬೇಕು, ಕಲಾವಿದ ಬಾಯಿ ಬಿಡಬಾರದು' ಎಂಬ ಮಾತನ್ನು ಕಲಾವಲಯದಲ್ಲಿ ಎಷ್ಟು ಸಲ ಕೇಳಿದ್ದೇನೋ. ಕಾಕಾ ಬಗ್ಗೆ ಹೇಳಿದಾಗ ಹಿರಿಯ ಕಲಾವಿದ ಮಿತ್ರರೊಬ್ಬರು ತಲೆಯಾಡಿಸಿದರು. ಅದು ಕಥೆಯ ವ್ಯಾಪಾರ, ಚಿತ್ರ ಬರೀ ಪೊಟ್ಟಣ ಎಂದರು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಕಾಕಾರ ಎಲ್ಲ ಚಿತ್ರಗಳೂ ಒಳ್ಳೆಯವಲ್ಲ. ಅವರ ಬಸ್‌ಸ್ಟ್ಯಾಂಡಿನ ಜನ ಕಟೌಟಿನಂತೆ ಬಿಗಿಯಾಗಿ ನಿಂತಿರುತ್ತಾರೆ, ಗಂಡಸರೆಲ್ಲರಿಗೂ ಒಂದೇ ಮೂಗು, ಎತ್ತುಗಳ ಹಿಂಗಾಲು ನಂಬುವಂತಿಲ್ಲ. ಅಲ್ಲಿ ಬೆನ್ನಿನ ಕಥೆಯೇ ಹಾಳೆಯನ್ನು ಹೊತ್ತು ನಡೆಸುತ್ತದೆ. ಆದರೆ ಕೈ, ಹಗ್ಗ, ಬಾಗಿಲ ಚಿಲಕ, ಸಿಪ್ಪೆ ಎದ್ದ ಬಣ್ಣ, ಬೋರ್ಡಿನ ಅಕ್ಷರ, ಇವು ಬಂದಲ್ಲಿ ಅವರ ಗೆರೆಗೆ ಯಾರ ಆಸರೆಯೂ ಬೇಡ. ಆ ಹೆಬ್ಬೆರಳಿನ ಉಗುರನ್ನು ಕಥೆ ಹೇಳದೆ ಹೋಗಿದ್ದರೆ ಆ ಹುಡುಗ ನೋಡುತ್ತಿರಲಿಲ್ಲ. ಉಗುರು ಬರೆಯದೆ ಹೋಗಿದ್ದರೆ ಕಥೆಗೆ ಹುಟ್ಟೇ ಇರಲಿಲ್ಲ. ಎರಡರಲ್ಲಿ ಯಾವುದು ಪೊಟ್ಟಣ, ಯಾವುದು ಒಳಗಿನ ಸರಕು ಎಂದು ಬೇರ್ಪಡಿಸಲು ನನಗೆ ಸಾಧ್ಯವಾಗಿಲ್ಲ. ಪ್ರದರ್ಶನಗಳಲ್ಲಿ 'ಶೀರ್ಷಿಕೆರಹಿತ 4' ಎಂಬ ಚೀಟಿಯ ಮುಂದೆ ಸಂಕೋಚದಿಂದ ನಿಂತು ಸರಿದುಹೋಗುವ ತಾಯಂದಿರನ್ನು ನೋಡಿದ್ದೇನೆ. ಅವರಿಗೆ ಕಲೆ ಅರ್ಥವಾಗುವುದಿಲ್ಲ ಎಂಬುದು ಸುಳ್ಳು. ಅವರ ಜೊತೆ ಯಾರೂ ಮಾತಾಡಿಲ್ಲ, ಅಷ್ಟೇ.

ಫ್ರೇಮು ಹಾಕಿದರೆ ಬೆನ್ನು ಮುಚ್ಚಿಹೋಗುತ್ತದಲ್ಲ ಎಂಬ ತೊಡಕಿಗೂ ಕಾಕಾ ಉತ್ತರ ಕಂಡುಕೊಂಡಿದ್ದಾರೆ. ಹಿಂದೆ ರಟ್ಟಿನ ಬದಲು ಇನ್ನೊಂದು ಗಾಜು. ಊರಿನ ಫ್ರೇಮ್ ಅಂಗಡಿಯವನಿಗೆ ಹೇಳಿಕೊಟ್ಟಿದ್ದಾರೆ. ಗೋಡೆಯಿಂದ ಇಳಿಸಿ ತಿರುಗಿಸಿದರೆ ಓದಬಹುದು. ಎರಡು ಗಾಜಿನಿಂದ ಭಾರ ಹೆಚ್ಚು, ಖರ್ಚೂ ಹೆಚ್ಚು. ಕೊಂಡವರಲ್ಲಿ ಕೆಲವರು ಹಾಕಿಸುತ್ತಾರೆ.

ಬೆನ್ನಿನಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿರುವುದನ್ನು ನಾನು ಕಂಡದ್ದು ಹೊರಡುವ ಹೊತ್ತಿಗೆ. ಕೆಲವು ಹಾಳೆಗಳ ಹಿಂದೆ ಕಾಕಾರ ಪೆನ್ಸಿಲ್ ಬರಹದ ಕೆಳಗೆ ಬೇರೆ ಬೇರೆ ಕೈಬರಹಗಳಿದ್ದವು. ಕಥೆಯಲ್ಲಿ ಬರುವವರಿಗೆ ಮಾರುವ ಮೊದಲು ಒಮ್ಮೆ ತೋರಿಸುವುದು ಅವರ ಪದ್ಧತಿ. ಅವರು ಒಪ್ಪದಿದ್ದರೆ ತಮ್ಮ ಮಾತನ್ನು ಕೆಳಗೆ ಬರೆಯಬಹುದು. ಕಟಿಂಗ್ ಶಾಪಿನ ಚಿತ್ರದ ಹಿಂದೆ ಕ್ಷೌರಿಕನ ಮಗನ ತಿದ್ದುಪಡಿ ಇದೆ: ತಂದೆ ಅಷ್ಟೇನೂ ಧಾರಾಳಿಯಾಗಿರಲಿಲ್ಲ, ಗಡ್ಡಕ್ಕೆ ದುಡ್ಡು ಇಸಿದುಕೊಳ್ಳುತ್ತಿದ್ದರು, ಕೂದಲಿಗೆ ಮಾತ್ರ ಇಲ್ಲ. ಗೊಬ್ಬರದ ಅಂಗಡಿಯವರು ಬರೆದಿರುವುದು ಒಂದೇ ಸಾಲು. ಫ್ಲೆಕ್ಸ್ ಕಟ್ಟುವ ದಿನ ಪೇಂಟರ್ ಮುಖ ನೋಡಲಾಗದೆ ತಾನು ಒಳಗೆ ಹೋಗಿ ಕೂತಿದ್ದೆ ಎಂದು.

ಕೊನೆಗೆ ತೋರಿಸಿದ ಚಿತ್ರದಲ್ಲಿ ಒಂದು ಬಟ್ಟೆ ಅಂಗಡಿಯ ಬೋರ್ಡಿದೆ. ಮೊದಲ ಅರ್ಧ ಹೆಸರು, ಉಳಿದ ಅರ್ಧದಲ್ಲಿ ಹಿನ್ನೆಲೆಯ ನೀಲಿಗಿಂತ ತುಸು ಬೇರೆಯಾದ ನೀಲಿ ತೇಪೆ. ತೇಪೆಯ ಅಡಿಯಲ್ಲಿ 'ಆ್ಯಂಡ್ ಬ್ರದರ್ಸ್' ಎಂಬುದರ ಉಬ್ಬು ಇನ್ನೂ ಗೊತ್ತಾಗುತ್ತದೆ. ಅಣ್ಣತಮ್ಮಂದಿರ ಪಾಲಾದಾಗ ಆ ಎರಡು ಶಬ್ದ ಅಳಿಸಲು ಇವರನ್ನು ಕರೆದಿದ್ದರು. ಅಳಿಸಲು ಹೇಳಿದ್ದು ಅಣ್ಣ ಎಂದು ಕಾಕಾ ಬರೆದಿದ್ದಾರೆ. ಅಣ್ಣ ಅದನ್ನು ಓದಿ ಕೆಳಗೆ ಬರೆದಿದ್ದಾನೆ, ಹೇಳಿದ್ದು ತಾನೇ ಹೌದು, ಆದರೆ ಹೇಳಿಸಿದ್ದು ತಮ್ಮ, ಪೇಂಟರಿಗೆ ಕೂಲಿ ಕೊಟ್ಟದ್ದೂ ತಮ್ಮನ ಕಡೆಯವರೇ ಎಂದು. ಅದರ ಕೆಳಗೆ ಕಾಲು ಹಾಳೆ ಖಾಲಿ.

ತಮ್ಮನಿಗೆ ತೋರಿಸಿದಿರಾ ಎಂದು ಕೇಳಿದೆ.

'ಅವ ಹುಬ್ಬಳ್ಳ್ಯಾಗ ಇರ್ತಾನ್ರಿ. ಬನ್ನಿ ಹಬ್ಬಕ್ಕ ಬರ್ತೀನಿ ಅಂದಾನ. ಅವ ಬಂದು ಬರೀಲಿ. ಅವ ಬರೆಯೂತನಾ ಇದನ್ನ ಯಾರಿಗೂ ಮಾರಾಂಗಿಲ್ಲ.'